ಹಿಡಿಯುವ ನಾಯಿ

ಗೋಣಿಚೀಲ ಸುತ್ತಿಕೊಂಡಿದ್ದ ನನ್ನ ಎಡಗೈ ಕೆಂಪು ನಾಯಿಯ ಬಾಯಲ್ಲಿತ್ತು, ಅದು ಬಿಡುತ್ತಿರಲಿಲ್ಲ. ಹಿಂದಕ್ಕೆ ಎಳೆದೆ. ಪಕ್ಕಕ್ಕೆ ತಿರುವಿದೆ. ಮೊಣಕಾಲೂರಿ ಅದರ ತಲೆಯನ್ನು ನೆಲಕ್ಕೆ ಒತ್ತಿದೆ. ಸುಣ್ಣದ ಪುಡಿಯಲ್ಲಿ ಅದರ ಹಿಂಗಾಲುಗಳು ಜಾರಿದವು, ದವಡೆ ಮಾತ್ರ ಅಲುಗಲಿಲ್ಲ.

“ಎಷ್ಟೊತ್ತು ಆಡಸ್ತೀಯೋ ಅದನ್ನ?” ಎಂದಳು ರಾಚವ್ವ. ಸುಣ್ಣದ ಭಟ್ಟಿಯ ಹಿಂದೆ ನಲವತ್ತು ವರ್ಷಗಳಿಂದ ನಾಯಿ ಸಾಕಿ ಮಾರುವವಳು ಅವಳು. “ಕೈ ಹರೀತಂದ್ರ ಹೊಲಿಯಾಕ ನನ್ನ ಹಂತ್ಯಾಕ ಸೂಜಿ ಇಲ್ಲ ನೋಡು.”

“ತಡಿ ಆಯಿ.”

ಬಗ್ಗಿ ನಾಯಿಯ ಕಿವಿಯೊಳಗೆ ಉಫ್ ಎಂದು ಊದಿದೆ. ಅದು ತಟ್ಟನೆ ಬಾಯಿ ಬಿಟ್ಟು ಒಮ್ಮೆ ಸೀನಿ, ಮುಂದಿನ ಕೆಲಸ ಯಾವುದು ಎಂಬಂತೆ ನನ್ನ ಮುಖ ನೋಡಿತು. ಮತ್ತೆ ಕೈ ಕೊಟ್ಟೆ. ಹಿಡಿಯಿತು. ಊದಿದೆ. ಬಿಟ್ಟಿತು. ಹೀಗೆ ಐದು ಸಲ. ಗೋಣಿ ಬಿಚ್ಚಿ ನೋಡಿದರೆ ಮುಂಗೈ ಕೆಂಪಾಗಿತ್ತು, ಚರ್ಮ ಹರಿದಿರಲಿಲ್ಲ.

“ಇದರ ತಾಯಿ ಕೊಂಬೈ ಜಾತೀದು. ಅಪ್ಪ ಕುರುಬರ ನಾಯಿ,” ಎಂದಳು ರಾಚವ್ವ. “ಹಿಡಿಯೋದು ತಾಯಿದು, ಮಾತು ಕೇಳೋದು ಅಪ್ಪಂದು. ಯಾರ ಮನೀಗೆ?”

“ಚನಮಲ್ಲಣ್ಣನ ಮನೀಗೆ.”

ಅವಳು ನನ್ನನ್ನು ನೋಡುವುದು ಬಿಟ್ಟು ನಾಯಿಯನ್ನು ನೋಡಿದಳು. “ಹೋದ ವರ್ಷ ನಾ ಹೇಳಿದ್ದೆ ನಿನಗ.”

“ಹೇಳಿದ್ದಿ.”

“ಬ್ಯಾಡ ಅಂತ ಹೇಳಿದ್ದೆ.”

“ಹೂಂ ಆಯಿ, ಹೇಳಿದ್ದಿ.”

ನಮ್ಮ ಊರಿನಲ್ಲಿ ನಾಯಿ ಆಯುವುದು ನನ್ನ ಕೆಲಸ. ಗೆಣಸು ಬಲಿಯತೊಡಗಿದಾಗ ಕಾಡುಹಂದಿಗಳು ಗುಡ್ಡ ಇಳಿಯುತ್ತವೆ, ಶೇಂಗಾ ಕಿತ್ತು ಮುಗಿಯುವವರೆಗೂ ಹೊಲ ಬಿಡುವುದಿಲ್ಲ. ಆ ಮೂರು ತಿಂಗಳು ಒಂದೊಂದು ಓಣಿಯೂ ನಾಲ್ಕು ನಾಯಿಗಳನ್ನು ಕಟ್ಟಬೇಕು. ಮೂಸುವುದು ಒಂದು, ನೋಡುವುದು ಒಂದು, ಬೊಗಳುವುದು ಒಂದು, ಹಿಡಿಯುವುದು ಒಂದು. ನಾಯಿಯ ಶಕ್ತಿಯೊಂದೇ ಹಂದಿಗೆ ಸಾಲದು, ಪ್ರತಿ ನಾಯಿಗೂ ಒಬ್ಬರು ಅದೇ ಕೆಲಸದ ತಮ್ಮ ಶಕ್ತಿಯನ್ನು ಕೊಡಬೇಕು. ತಮ್ಮ ಕೈಯಿಂದ ಮೊದಲ ತುತ್ತು ರೊಟ್ಟಿ ತಿನ್ನಿಸಿದರೆ ಸಾಕು. ಮೂಸುವ ನಾಯಿಗೆ ತಿನ್ನಿಸಿದವರಿಗೆ ಅಂದಿನಿಂದ ವಾಸನೆ ಇಲ್ಲ, ಬೊಗಳುವುದಕ್ಕೆ ತಿನ್ನಿಸಿದವರಿಗೆ ದನಿ ಇಲ್ಲ. ಶೇಂಗಾ ಮುಗಿದು ನಾಯಿ ಮನೆಗೆ ಬಂದು ಒಂದು ರಾತ್ರಿ ಮಲಗಿದರೆ ಬೆಳಿಗ್ಗೆ ಎಲ್ಲವೂ ವಾಪಸ್ಸು.

ಜನ ಹೊಂದಿಕೊಂಡಿದ್ದಾರೆ. ಮೂಸುವುದಕ್ಕೆ ಬೀದಿ ನಾಯಿಯೇ ಸಾಕು, ವಾಸನೆ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಪಕ್ಕದ ಮನೆಯವರು ಮೂಸಿ ಹೇಳುತ್ತಾರೆ, ಹೇಳುವಾಗ ಒಂದು ಲೋಟ ಕುಡಿದೂ ಹೋಗುತ್ತಾರೆ. ನೋಡುವುದಕ್ಕೆ ಮುಧೋಳದ ತಳಿ. ಆ ಊರು ಎಲ್ಲಿದೆಯೋ ನಮ್ಮಲ್ಲಿ ಯಾರೂ ಕಂಡವರಿಲ್ಲ. ಅದಕ್ಕೆ ಕಣ್ಣು ಕೊಟ್ಟವರು ಮೂರು ತಿಂಗಳು ಕಟ್ಟೆಯ ಮೇಲೆ ಕೂತಿರುತ್ತಾರೆ, ಹಾಗಾಗಿ ದಾರಿಯಲ್ಲಿ ಹೋಗುವವರು ತಮ್ಮ ಹೆಸರು ತಾವೇ ಹೇಳಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಹಂಗಾಮು ಮುಗಿದ ಮೇಲೂ ಕೆಲವರಿಗೆ ಅದು ಬಿಡುವುದಿಲ್ಲ. ನಮ್ಮ ಕೆಳಗಿನ ಓಣಿಯ ಅಡಿವೆಪ್ಪ ಮಾಸ್ತರರು ಹನ್ನೊಂದು ವರ್ಷಗಳಿಂದ ದನಿ ಕೊಡುತ್ತಿದ್ದಾರೆ. ಆ ಮೂರು ತಿಂಗಳು ಕೊರಳಿಗೆ ಪಾಟಿ ನೇತುಹಾಕಿಕೊಂಡು ಸೀಮೆಸುಣ್ಣದಲ್ಲಿ ಬರೆದು ಮಾತಾಡುತ್ತಾರೆ. ಅವರ ಶಾಲೆಯ ಮಕ್ಕಳು ಊರಿನ ಬೇರೆಲ್ಲ ಮಕ್ಕಳಿಗಿಂತ ಚೆನ್ನಾಗಿ ಓದುತ್ತಾರೆ.

ಹಿಡಿಯುವ ನಾಯಿಯದೇ ಕಷ್ಟ. ಅದಕ್ಕೆ ಕೊಡಬೇಕಾದದ್ದು ಕೈಯ ಹಿಡಿತ. ಬೆರಳುಗಳು ಇರುತ್ತವೆ, ಮಡಚುತ್ತವೆ, ಏನನ್ನೂ ಹಿಡಿಯುವುದಿಲ್ಲ. ಉಳಿದ ಮೂರು ನಾಯಿಗಳು ಹಂದಿಯ ಸುತ್ತ ನಿಂತರೆ ಇದು ಮಾತ್ರ ಒಳಗೆ ನುಗ್ಗಿ ಕಿವಿಯನ್ನೋ ಗಂಟಲನ್ನೋ ಹಿಡಿಯಬೇಕು, ಆಗಲೇ ಜನ ಹತ್ತಿರ ಹೋಗಿ ಈಟಿ ಹಾಕಲಾಗುವುದು. ಆದ್ದರಿಂದ ಸಾಯುವುದೂ ಇದೇ. ನಾಯಿ ಸತ್ತರೆ ಕೊಟ್ಟದ್ದು ವಾಪಸ್ಸು ಬರುವುದಿಲ್ಲ, ಕೊಂದ ಹಂದಿಗೆ ಹೋಗುತ್ತದೆ. ಆ ಹಂದಿ ಬಿದ್ದ ದಿನ ಮಾತ್ರ ತಿರುಗಿ ಬರುತ್ತದೆ.

ಹೋದ ವರ್ಷ ಚನಮಲ್ಲನಿಗೆ ನಾಯಿ ಆಯ್ದುಕೊಟ್ಟವನು ನಾನು. ಅವನು ನೇಕಾರ. ಅವನು ಕೂತ ಮಗ್ಗದ ಸದ್ದು ಕೇಳಿದರೆ ಗಂಟೆ ಎಷ್ಟೆಂದು ಹೇಳಬಹುದಿತ್ತು, ಅಷ್ಟು ಒಂದೇ ಸಮ. ನನಗಾಗ ಹೊಸದೇನಾದರೂ ಮಾಡಬೇಕೆಂಬ ಹುಚ್ಚು. ಮುಧೋಳದ ಹೆಣ್ಣು ನಾಯಿಗೆ ಕಲ್ಲುಗಣಿಯವರ ಜೊತೆ ಬಂದಿದ್ದ ಅಗಲ ತಲೆಯ ಗಂಡನ್ನು ಕೂಡಿಸಿ ಒಂದು ಮರಿ ಬೆಳೆಸಿದ್ದೆ. ಓಟ ತಾಯಿಯದು, ಹಿಡಿತ ಅಪ್ಪನದು. ಗೋಣಿ ಸುತ್ತಿದ ಕೈ ಕೊಟ್ಟೆ, ಹಿಡಿಯಿತು. ಕಿವಿಯಲ್ಲಿ ನಾಲ್ಕು ಸಲ ಊದಿದೆ. ಬಿಡಲಿಲ್ಲ. ಕೊನೆಗೆ ಕೋಲು ತೂರಿಸಿ ಬಾಯಿ ಬಿಡಿಸಿದೆವು. ರಾಚವ್ವ ಬ್ಯಾಡ ಎಂದಳು. ನನಗೆ ಹೆಮ್ಮೆಯಾಗಿತ್ತು.

ಅದು ಹಂದಿಯ ಕಿವಿ ಹಿಡಿದ ದಿನ ನಾವು ಸಿಳ್ಳೆ ಹಾಕಿದೆವು, ಕೂಗಿದೆವು, ಕಲ್ಲೂ ಒಗೆದೆವು. ಹಂದಿ ಅದನ್ನು ನೇತುಹಾಕಿಕೊಂಡೇ ಜಾಲಿಯ ಮುಳ್ಳುಗಳ ನಡುವೆ ಹಳ್ಳಕ್ಕೆ ಇಳಿಯಿತು. ಹಳ್ಳದ ಕಲ್ಲುಗಳ ನಡುವೆ ನಾಯಿ ಸಿಕ್ಕಿತು, ಹಂದಿಯ ಅರ್ಧ ಕಿವಿ ಅದರ ಬಾಯಲ್ಲೇ ಇತ್ತು. ಮನೆಯಲ್ಲಿ ಚನಮಲ್ಲ ಅದೇ ಹೊತ್ತಿಗೆ ಹೆಂಡತಿ ಶಿವಗಂಗವ್ವನಿಗೆ ಹೇಳಿದನಂತೆ, “ಹೋತು ನೋಡು.”

ಅವತ್ತಿನಿಂದ ದಿನಾ ಬೆಳಿಗ್ಗೆ ನಾನು ಅವನ ಮನೆಗೆ ಹೋಗಿ ಅವನ ಅಂಗಿಯ ಗುಂಡಿ ಹಾಕುತ್ತೇನೆ. ನಮ್ಮ ಊರಿನಲ್ಲಿ ಹಿಡಿತ ಕೊಟ್ಟವರಿಗೆಂದೇ ಲಾಡಿ ಕಟ್ಟುವ ಅಂಗಿಗಳಿವೆ, ಎರಡು ಕಿವಿಯ ಲೋಟಗಳಿವೆ, ಭುಜದಿಂದ ನೂಕಿದರೆ ತೆರೆಯುವ ಅಗಳಿಗಳಿವೆ. ಚನಮಲ್ಲ ಲೋಟ ತರಿಸಿಕೊಂಡ, ಅಗಳಿ ಹಾಕಿಸಿಕೊಂಡ. ಅಂಗಿ ಮಾತ್ರ ಏಳು ಗುಂಡಿಯದೇ ಬೇಕು ಎಂದ.

“ನಾ ಹಾಕತೇನಲ್ರೀ,” ಎಂದಿದ್ದಳು ಶಿವಗಂಗವ್ವ.

“ನೀ ಬ್ಯಾಡ. ಯಮನೂರ ಬರ್ತಾನ.”

ಯಮನೂರ ಎಂದರೆ ನಾನು. ಬರುತ್ತೇನೆ, ಗುಂಡಿ ಹಾಕುತ್ತೇನೆ. ಮೊದಮೊದಲು ಚನಮಲ್ಲ ಮುಖ ಆಚೆ ಮಾಡಿಕೊಂಡು ನಿಲ್ಲುತ್ತಿದ್ದ. ಆಮೇಲೆ ಮಾತು ಶುರುವಾಯಿತು, ಮಾತಿಗಿಂತ ಬೈಗುಳ ಹೆಚ್ಚು. “ನಿನ್ನ ಬಾಯಾಗ ಉಳ್ಳಾಗಡ್ಡಿ ನಾರತೈತಿ. ಮೂಸೋ ನಾಯಿಗೆ ಕೊಟ್ಟಿದ್ರ ಬೇಸಿತ್ತು ನಾ.” ಒಂದು ದಿನ ನಾಲ್ಕನೆಯ ಗುಂಡಿಯ ಹತ್ತಿರ ತಾನಾಗಿಯೇ ಹೇಳಿದ, “ಒಮ್ಮೆ ಮಗ್ಗದ ಲಾಳಿ ಹಿಡೀಬೇಕು ನೋಡೋ. ಒಂದ ದಿನ ಸಾಕು. ಕನಸಿನ್ಯಾಗೂ ಜಾರತೈತದು.” ನಾನು ಉಳಿದ ಮೂರು ಗುಂಡಿ ಹಾಕಿದೆ. ಆ ಮೂರು ಗುಂಡಿಗಳಿಗೆ ಎಂದೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಮಗ್ಗದ ಮೇಲೆ ಈಗ ಕೂರುವವಳು ಶಿವಗಂಗವ್ವ. ಮೊದಲು ಅವಳು ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು, ಅಷ್ಟೇ. ಈಗ ಅವಳ ಮಗ್ಗದ ಸದ್ದು ಚನಮಲ್ಲನದರಂತೆ ಒಂದೇ ಸಮ ಅಲ್ಲ. ಎರಡು ಸಲ ಬೇಗ ಬಡಿದು ಒಂದು ಕ್ಷಣ ನಿಂತು ಮತ್ತೆ ಬಡಿಯುತ್ತದೆ. ಅವನು ಪಕ್ಕದಲ್ಲಿ ಕೂತು ಸೀರೆಯ ದಡಿಯ ಬಣ್ಣ ಹೇಳುತ್ತಾನೆ. ಅವಳು ಒಮ್ಮೊಮ್ಮೆ ಕೇಳುತ್ತಾಳೆ, ಒಮ್ಮೊಮ್ಮೆ ತನಗೆ ಬೇಕಾದ ಬಣ್ಣ ಹಾಕುತ್ತಾಳೆ.

ಈ ವರ್ಷ ಆ ಹಂದಿ ತಿರುಗಿ ಬಂತು. ಅರ್ಧ ಕಿವಿಯಿಂದ ಗುರುತು ಸಿಕ್ಕಿತು, ಆ ಗುರುತು ಇಲ್ಲದಿದ್ದರೂ ತಿಳಿಯುತ್ತಿತ್ತು. ಗೆಣಸಿನ ಹೊಲದ ಬದುವಿನಲ್ಲಿ ಅದು ಒಂದು ಚಕ್ಕಡಿಯ ಮುಂದಿನ ಮರ, ಮೂಕಿಯನ್ನು ಬಾಯಲ್ಲಿ ಹಿಡಿದು ನಿಂತಿತಂತೆ, ಎರಡು ಎತ್ತುಗಳು ಜಗ್ಗಿದರೂ ಬಿಡಲಿಲ್ಲವಂತೆ. ಬೇಸರವಾದ ಮೇಲೆ ತಾನಾಗಿ ಬಿಟ್ಟು ಹೋಯಿತು. ಸುದ್ದಿ ಕೇಳಿ ಓಣಿಯವರೆಲ್ಲ ಚನಮಲ್ಲನ ಮನೆಯ ಕಡೆ ನೋಡಿದರು. ಇಂಥ ಹಂದಿಯ ಮೇಲೆ ಹಿಡಿಯುವ ನಾಯಿ ಬಿಡಬೇಕಾದರೆ ಕಳೆದುಕೊಂಡವನು ಹೂಂ ಅನ್ನಬೇಕು. ಅದರಲ್ಲಿರುವುದು ಅವನ ವಸ್ತು.

ರಾಚವ್ವನ ಹತ್ತಿರದಿಂದ ಕೆಂಪು ನಾಯಿಯನ್ನು ಹಗ್ಗ ಕಟ್ಟಿ ತಂದು ಅವನ ಅಂಗಳದಲ್ಲಿ ನಿಲ್ಲಿಸಿದೆ. ಅಡಿವೆಪ್ಪ ಮಾಸ್ತರರು ಪಾಟಿ ಸಮೇತ ಬಂದಿದ್ದರು. ಶಿವಗಂಗವ್ವ ಮಗ್ಗದ ಕುಣಿಯಿಂದ ಎದ್ದು ಬಂದು ನಾಯಿಯ ಹಲ್ಲು ನೋಡಿದಳು, ಎದೆ ತಟ್ಟಿದಳು, ಬೆನ್ನ ಮೇಲೆ ಕೈಯಾಡಿಸಿದಳು.

“ಕರೆದ್ರ ಬಿಟ್ಟು ಬರತೈತೇನು?” ಎಂದಳು.

“ಬರತೈತಿ ವೈನಿ. ಐದು ಸಲ ನೋಡೇನಿ.”

“ಮತ್ತೊಮ್ಮೆ ತೋರ್ಸು.”

ಗೋಣಿ ಸುತ್ತಿ ತೋರಿಸಿದೆ. ಹಿಡಿಯಿತು, ಬಿಟ್ಟಿತು. ಅವಳು ತಲೆಯಾಡಿಸಿದಳು. “ಆತು. ನಾ ತಿನ್ನಸ್ತೇನಿ ಇದಕ್ಕ.”

ಚನಮಲ್ಲ ಕಟ್ಟೆಯ ಮೇಲೆ ಕೂತು ಎರಡು ಕಿವಿಯ ಲೋಟಕ್ಕೆ ಮಣಿಕಟ್ಟು ತೂರಿಸಿ ಚಹಾ ಕುಡಿಯುತ್ತಿದ್ದ. “ಮಗ್ಗದ ಮ್ಯಾಲೆ ಇನ್ನೂ ಆರು ಮೊಳ ಹಾಸು ನೇಯೂದೈತಿ,” ಎಂದ.

“ಇರಲಿ. ನಿಮ್ಮ ಕೈ ಬಂದ ಮ್ಯಾಲೆ ನೀವು ನೇಯ್ರಿ. ನನಗೂ ಒಂದೀಟು ಕೂಡಾಕ ಸಿಗತೈತಿ.”

“ನಾಯಿ ಸತ್ರ?”

“ಸತ್ರ ನೀವು ನನ್ನ ಕುಬಸದ ಗುಂಡಿ ಹಾಕೀರಿ,” ಎಂದು ಅವಳು ನಕ್ಕಳು. ಮಾಸ್ತರರು ದನಿಯಿಲ್ಲದೆ ಹೊಟ್ಟೆ ಕುಣಿಸಿ ನಕ್ಕರು. ನಾನು ನಗಲಿಲ್ಲ. ಚನಮಲ್ಲ ಲೋಟದ ಒಳಗೆ ನೋಡುತ್ತ, “ನೋಡೂಣು,” ಎಂದ.

ನೋಡೂಣು ಎಂದರೆ ಹೂಂ ಎಂದೇ ಓಣಿ ತಿಳಿದುಕೊಂಡಿತು. ನಾನೂ ತಿಳಿದುಕೊಂಡೆ. ಅವನ ಕಣ್ಣು ಮತ್ತೆ ಮತ್ತೆ ಮಗ್ಗದ ಕಡೆ ಹೋಗುವುದನ್ನು ನಾನು ನೋಡಿದ್ದೆ.

ಮೂರನೆಯ ದಿನ ಹಂದಿ ಸಿಕ್ಕಿತು. ಬೆಳಿಗ್ಗೆ ಮೂಸುವ ನಾಯಿ ಜಾಡು ಹಿಡಿಯಿತು, ಮುಧೋಳದ್ದು ಬಯಲಲ್ಲಿ ಓಡಿಸಿತು, ಮಾಸ್ತರರ ನಾಯಿ ಅವರ ಪಾಠ ಹೇಳುವ ದನಿಯಲ್ಲೇ ಬೊಗಳಿ ಬೊಗಳಿ ಅದನ್ನು ಹಳ್ಳದ ಒಂದು ಮೂಲೆಗೆ ತಂದು ನಿಲ್ಲಿಸಿತು. ನಾವು ಮುಟ್ಟುವಾಗ ಮಧ್ಯಾಹ್ನ. ಇಷ್ಟು ದಿನ ಯಾವ ಬೇಟೆಗೂ ಬಾರದಿದ್ದ ಚನಮಲ್ಲನೂ ಬಂದಿದ್ದ. ದಾರಿಯಲ್ಲಿ ಎರಡು ಸಲ ಎಡವಿದ. ಹಿಡಿದುಕೊಳ್ಳಲಾಗದವನಿಗೆ ಹಳ್ಳ ಇಳಿಯುವುದು ಸುಲಭವಲ್ಲ, ನಾನು ಅವನ ಕಂಕುಳಿಗೆ ಕೈ ಕೊಟ್ಟು ಇಳಿಸಿದೆ.

ಹಂದಿ ದಂಡೆಯ ಕೆಳಗೆ ಮಗ್ಗುಲು ಒತ್ತಿ ನಿಂತಿತ್ತು. ಮೊಣಕೈಯುದ್ದ ಮಣ್ಣು ಕುಸಿದು ಒಂದು ಜಾಲಿಯ ಬೇರು ಹೊರಗೆ ಬಂದಿತ್ತು, ಹಂದಿ ಆ ಬೇರನ್ನು ಬಾಯಲ್ಲಿ ಹಿಡಿದಿತ್ತು. ಕಚ್ಚಿ ಹರಿಯುತ್ತಿರಲಿಲ್ಲ. ಸುಮ್ಮನೆ ಹಿಡಿದಿತ್ತು. ಮೂರು ನಾಯಿಗಳು ಅದರ ಸುತ್ತ ಕುಣಿದು ಅರಚುತ್ತಿದ್ದರೂ ಅದು ಬೇರು ಬಿಡದೆ, ಕಣ್ಣು ಮಾತ್ರ ಹೊರಳಿಸಿ ಒಂದೊಂದನ್ನೇ ನೋಡುತ್ತಿತ್ತು.

ಚನಮಲ್ಲ ಹಂದಿಯ ಬಾಯನ್ನೇ ನೋಡಿದ. “ಹೌದು,” ಎಂದ. “ನಂದೇ. ಹೆಬ್ಬೆರಳು ಕೆಳಗ ಹಾಕಿ ಹಿಡಿಯೂದು.”

ಹಂದಿಗೆಲ್ಲಿಯ ಹೆಬ್ಬೆರಳು ಎಂದು ಯಾರೂ ಕೇಳಲಿಲ್ಲ. ಅವನು ಹೇಳಿದ ಮೇಲೆ ನಮಗೂ ಹಾಗೆಯೇ ಕಂಡಿತು.

ಶಿವಗಂಗವ್ವ ಸೆರಗಿನ ಗಂಟಿನಿಂದ ರೊಟ್ಟಿಯ ಚೂರು ತೆಗೆದಳು. ಕೆಂಪು ನಾಯಿ ಅದನ್ನೇ ನೋಡುತ್ತ ಕೂತಿತು. ಬೊಗಳುವ ನಾಯಿಯ ದನಿ ಆಗಲೇ ಒಡೆಯತೊಡಗಿತ್ತು, ಇನ್ನು ಹೆಚ್ಚು ಹೊತ್ತು ಅದು ಹಂದಿಯನ್ನು ತಡೆಯಲಾರದು. ಓಣಿಯವರು ಈಟಿ ಹಿಡಿದು ದಂಡೆಯ ಎರಡೂ ಕಡೆ ನಿಂತರು.

“ಹೂಂ ಅನ್ರಿ,” ಎಂದಳು ಗಂಡನಿಗೆ.

ಅವನು ನನ್ನ ಕಡೆ ತಿರುಗಿದ. “ಯಮನೂರಾ, ಈ ನಾಯಿ ಊದಿದ್ರ ಬಿಡತೈತಿ ಅಲ್ಲ?”

“ಸಿಳ್ಳೆ ಹಾಕಿದ್ರೂ ಬಿಡತೈತಿ. ಕಲಿಸೇನಿ.”

“ಆತಪ್ಪ. ನಾಯಿ ಬಿಡತೈತಿ. ಹಂದಿ ಬಿಡತೈತೇನು?”

ನಾನು ಹಂದಿಯ ಕಡೆ ನೋಡಿದೆ. ಅದರ ಬಾಯಲ್ಲಿದ್ದ ಬೇರು ಒಂದು ಎಳೆಯಷ್ಟೂ ಅಲುಗಿರಲಿಲ್ಲ.

“ನಾ ಮಗ್ಗದ ಮ್ಯಾಲೆ ಕೂತ್ರ ಒಂಬತ್ತು ತಾಸು ಲಾಳಿ ಬಿಡತಿದ್ದಿಲ್ಲ,” ಎಂದ ಚನಮಲ್ಲ. “ಅದು ಬೇರು ಬಿಟ್ಟು ಈ ನಾಯೀ ಕೊಳ್ಳು ಹಿಡೀತಂದ್ರ ನೀವು ಊದ್ರಿ, ಸಿಳ್ಳೆ ಹಾಕ್ರಿ, ಡೋಲು ಬಡೀರಿ. ಬಿಡೂದಿಲ್ಲದು. ನನ್ನ ಹಿಡಿತ ನನಗ ಗೊತ್ತಿಲ್ಲೇನು?”

ನಾನು ನಾಯಿಯನ್ನು ಐದು ಸಲ ನೋಡಿದ್ದೆ. ಹಂದಿಯನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಳಿ, ತಲೆ, ದವಡೆ, ಕಿವಿ, ಮಾತು ಕೇಳುವ ಬುದ್ಧಿ ಎಲ್ಲ ಸರಿ ಇತ್ತು. ಎದುರಿಗೆ ನಿಂತಿರುವುದು ಬರೀ ಹಂದಿಯಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಎರಡನೆಯ ಸಲವೂ ನಾನು ಅದೇ ತಪ್ಪು ಮಾಡಿದ್ದೆ, ಈ ಸಲ ಬಹಳ ಎಚ್ಚರಿಕೆಯಿಂದ ಮಾಡಿದ್ದೆ.

“ಹೆಂಗರ ಆಗಲಿ,” ಎಂದಳು ಶಿವಗಂಗವ್ವ. “ಈಟಿಯವರು ಅದಾರಲ್ಲ. ಅದು ನಾಯಿ ಹಿಡಿಯೂದ್ರಾಗ ಇವರು ಅದನ್ನ ತಿವೀತಾರ. ಕೈ ನನ್ನವು. ನಾ ಕೊಡತೇನಿ ಅಂದ್ರ ನೀವ್ಯಾರು ಬ್ಯಾಡನ್ನಾಕ?”

“ನಿನ್ನ ಕೈ ನಿನ್ನವಾಗೇ ಇರಲಿ ಅಂತ ಅನ್ನಾಕತ್ತೇನಿ ನಾನೂ.”

“ಹೋದ ವರ್ಷ ನೀವು ಕೊಡುವಾಗ ನನ್ನ ಕೇಳಿದ್ರೇನು?”

ಅವಳು ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆಗ ನಾನು ಅವಳ ಕೈಯಿಂದ ರೊಟ್ಟಿಯ ಚೂರು ಕಸಿದುಕೊಂಡೆ. ನಾಯಿ ಆಯುವವನು ಯಾವ ನಾಯಿಗೂ ಏನನ್ನೂ ಕೊಡಬಾರದು. ಅವನ ಕಣ್ಣು, ಮೂಗು, ಕೈ ಎಲ್ಲ ಓಣಿಗಳಿಗೂ ಬೇಕು, ಅದು ಊರಿನ ಕಟ್ಟಳೆ. ಮಾಸ್ತರರು ಗಾಬರಿಯಿಂದ ಪಾಟಿಯ ಮೇಲೆ ಏನೋ ಬರೆಯತೊಡಗಿದರು. ಅವರು ಬರೆದು ಮುಗಿಸುವಷ್ಟರಲ್ಲಿ ನಾನು ಹೇಳಿ ಮುಗಿಸಿದ್ದೆ.

“ನಾ ತಿನ್ನಸ್ತೇನಿ. ಇದು ನಾ ಮಾಡಿದ್ದು. ಹೋದ್ರ ನನ್ನವು ಹೋಗಲಿ. ಚನಮಲ್ಲಣ್ಣ, ನೀ ಹೂಂ ಅನ್ನು.”

ಹೇಳುತ್ತಿದ್ದಂತೆ ನನ್ನ ಮೈ ಹಗುರವಾಯಿತು. ಒಂದು ವರ್ಷದಲ್ಲಿ ಮೊದಲ ಬಾರಿಗೆ ನಾನು ಅವನ ಮುಖವನ್ನು ಸರಿಯಾಗಿ ನೋಡಿದೆ. ಅವನೂ ನೋಡಿದ. ಅವನ ತುಟಿ ಒಣಗಿತ್ತು, ಗಡ್ಡದಲ್ಲಿ ಒಂದು ಜಾಲಿ ಎಲೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಅವನು ಕೈ ಎತ್ತಿದ, ಬೆರಳುಗಳು ಅದನ್ನು ಸವರಿದವು, ಎಲೆ ಅಲ್ಲೇ ಉಳಿಯಿತು.

“ಭಾಳ ಹಗುರ ಆತೇನೋ?” ಎಂದ.

ನಾನು ರೊಟ್ಟಿಯ ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

“ಆತು ಅನ್ನು, ಸುಳ್ಳು ಹೇಳಬ್ಯಾಡ. ನಿನ್ನ ಮಾರೀ ಮ್ಯಾಲೆ ಕಾಣತೈತಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ದಿನಾ ಮುಂಜಾನೆ ನನ್ನ ಮುಂದ ನಿಂತು ನೀ ಏನು ಅನುಭವಸ್ತಿ ಅಂತ ನನಗ ಗೊತ್ತೈತಿ. ಗೊತ್ತಾಗಲಿ ಅಂತನ ಕರೀತೇನಿ. ಆದ್ರ ನಾಳೆ ನೀನೂ ನನ್ನಂಗ ಲೋಟದಾಗ ಮಣಿಕಟ್ಟು ತುರುಕಿ ಕೂತ್ರ, ನಾ ಬಂದು ನಿನ್ನ ಮುಂದ ನಿಂದರಬೇಕು. ನನ್ನಿಂದ ಆಗೂದಿಲ್ಲಪ್ಪ ಅದು. ನೀ ಒಂದು ವರ್ಷ ಮಾಡಿದಿ. ನನಗ ಒಂದು ದಿನಾನೂ ಆಗೂದಿಲ್ಲ.”

ಹಂದಿ ಗುಟುರು ಹಾಕಿತು. ಈಟಿ ಹಿಡಿದವರಲ್ಲಿ ಒಬ್ಬ, “ಲಗೂನ ಹೇಳ್ರೋ, ನಾಯೀ ದನಿ ಬಿತ್ತು!” ಎಂದು ಕೂಗಿದ. ಮಾಸ್ತರರ ನಾಯಿ ಈಗ ಬೊಗಳುತ್ತಿರಲಿಲ್ಲ, ಕೆಮ್ಮುತ್ತಿತ್ತು. ಹಂದಿ ಬೇರು ಬಿಟ್ಟು ತಲೆ ಎತ್ತಿತು. ಅದರ ಬಾಯಿಂದ ತೊಗಟೆಯ ಚೂರುಗಳು ಉದುರಿದವು.

“ಅದು ಹೋಗತೈತ್ರೀ,” ಎಂದಳು ಶಿವಗಂಗವ್ವ. ಅವಳ ಕಣ್ಣಲ್ಲಿ ನೀರಿತ್ತು. “ನಿಮ್ಮ ಕೈ ಹೊಂಟೈತಿ. ಮುಂದಿನ ವರ್ಷ ಬರತೈತೋ ಇಲ್ಲೋ. ಲಾಳಿ ಲಾಳಿ ಅಂತ ನಿದ್ದಿಗಣ್ಣಾಗ ಬಡಬಡಸೂದು ನಾ ಕೇಳಿಲ್ಲೇನು? ಇವನರ ಕೊಡಲಿ, ನಾನರ ಕೊಡ್ತೇನಿ. ಒಂದು ಹೂಂ ಅನ್ರಿ.”

ಚನಮಲ್ಲ ಹಂದಿಯನ್ನು ನೋಡಿದ. ಹಾಗೆ ನೋಡುವುದನ್ನು ನಾನು ಮೊದಲು ಕಂಡಿರಲಿಲ್ಲ. ಹಸಿದವನು ಬೇರೆಯವರ ತಟ್ಟೆ ನೋಡುವಂತೆ ಇತ್ತು ಅದು. ಅವನ ಎರಡೂ ಕೈಗಳು ತಾವಾಗಿ ಮುಂದಕ್ಕೆ ಬಂದು ಗಾಳಿಯಲ್ಲಿ ನಿಂತವು. ಅವನು ಹೂಂ ಅನ್ನುತ್ತಾನೆ ಎಂದೇ ನನಗನ್ನಿಸಿತು. ರೊಟ್ಟಿಯ ಚೂರನ್ನು ನಾಯಿಯ ಮೂಗಿನ ಹತ್ತಿರ ತಂದೆ.

“ಬ್ಯಾಡ,” ಎಂದ.

“ಚನಮಲ್ಲಣ್ಣ, ಒಮ್ಮೆ ವಿಚಾರ ಮಾಡು…”

“ಆಕೀವೂ ಬ್ಯಾಡ. ನಿನ್ನವೂ ಬ್ಯಾಡ. ನಾಯಿ ತಿರುಗಿ ಒಯ್ಯಿ.”

ಮಾಸ್ತರರು ಬರೆದಿದ್ದನ್ನು ಅಂಗಿಯ ತೋಳಿನಿಂದ ಅಳಿಸಿ, ಬೇರೆ ಬರೆದು, ಪಾಟಿಯನ್ನು ಅವನ ಮುಖದ ಮುಂದೆ ಹಿಡಿದರು. ‘ಕೈ ಬೇಕಿಲ್ಲೇನು ನಿನಗ?’ ಎಂದಿತ್ತು.

“ಬೇಕ್ರೀ ಮಾಸ್ತರ,” ಎಂದ ಚನಮಲ್ಲ. “ಹಿಂಗ ಬ್ಯಾಡ.”